ಹೊಸಬರಿಗೆಂದು ಮೊದಲೇ ತುಂಬಿಟ್ಟ ನಂಬರು

ನಮ್ಮ ಮನೆಗೆ ಹೊಸಬರು ಬರುವ ಮೊದಲೇ ಅವರಿಗೆ ಬೇಕಾದದ್ದನ್ನೆಲ್ಲ ಜೋಡಿಸಿಡುವುದು ನನ್ನ ಹುಟ್ಟುಗುಣ. ಏನು ಬೇಕು ಎಂದು ಅವರನ್ನೇ ಒಮ್ಮೆ ಕೇಳುವುದು ಮಾತ್ರ ನನ್ನ ಗುಣಗಳ ಪಟ್ಟಿಯಲ್ಲಿ ಇರಲಿಲ್ಲ.

ದುಬೈಯ ಅಲ್ ಕುಸೈಸಿನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು. ಒಂದರಲ್ಲಿ ನಾನು, ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದ ಯಜಮಾನರು, ಏಳನೇ ಕ್ಲಾಸಿನ ಮಗಳು. ಇನ್ನೊಂದನ್ನು ಶೇರಿಂಗಿಗೆ ಕೊಡುತ್ತಿದ್ದೆವು. ಮೆಟ್ರೋದ ಹಸಿರು ಲೈನು ನಮ್ಮ ಕಡೆಗೆ ಬಂದು ಎರಡು ಮೂರು ವರ್ಷವಾಗಿತ್ತು. ಆಮೇಲೆ ಆ ಕೋಣೆ ಒಂದು ವಾರವೂ ಖಾಲಿ ಉಳಿದದ್ದಿಲ್ಲ. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ನಾನು ಒಂದು ದಿನ ಬಿಡುವು ಮಾಡಿಕೊಂಡು ಎಲ್ಲ ಸಜ್ಜುಗೊಳಿಸುತ್ತಿದ್ದೆ. ಫ್ರಿಜ್ಜಿನ ನಡುವಿನ ಶೆಲ್ಫು ಅವರದು, ಎಡಗಡೆಯ ಒಲೆ ಅವರದು, ಬಾತ್‌ರೂಮಿನ ನೀಲಿ ಕೊಕ್ಕೆ ಅವರದು. ಅಡುಗೆಮನೆಯ ಬಾಗಿಲಿಗೆ ಒಂದು ಚೀಟಿ: ಇಲ್ಲಿ ಮೀನು, ಮಾಂಸ, ಮೊಟ್ಟೆ ಬೇಡ. ಚೀಟಿಯ ಕೆಳಗೆ ಒಂದು ನಗುವ ಮುಖ ಬರೆದಿದ್ದೆ, ಬಂದವರಿಗೆ ಬೇಸರವಾಗಬಾರದಲ್ಲ.

ಹಾಲಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಯಜಮಾನರ ಆಫೀಸಿನಿಂದ ಹಳೆಯದೆಂದು ಹೊರಗೆ ಹಾಕಿದ್ದು. ಅದಕ್ಕೆ ಕ್ರೋಶಾ ಬಟ್ಟೆಯ ಮುಸುಕು ಹಾಕಿ, ಆಯುಧಪೂಜೆಗೆ ಕುಂಕುಮ ಹಚ್ಚಿ, ಮನೆಯ ಒಬ್ಬ ಸದಸ್ಯನ ಹಾಗೆಯೇ ಇಟ್ಟುಕೊಂಡಿದ್ದೆವು. ಕೋಣೆಗೆ ಬಂದವರೂ ಅದನ್ನೇ ಬಳಸಲಿ ಎಂಬುದು ನನ್ನ ಔದಾರ್ಯ. ಮೊದಲಿಗೆ ಎಲ್ಲರಿಗೂ ಒಂದೇ ಅಕೌಂಟು ಇತ್ತು. ಒಬ್ಬರು ತಮ್ಮ ಮೇಲ್ ತೆರೆದಿಟ್ಟು ಎದ್ದುಹೋದರು, ನಾನು ಧೂಳು ಒರೆಸುತ್ತಾ ಅದರ ಮೊದಲ ಸಾಲನ್ನು ಓದಿಬಿಟ್ಟೆ. ಮುಂದಿನದನ್ನು ಓದದೆ ಎದ್ದುಬಂದೆ, ಆದರೆ ಮುಂದೇನಿತ್ತೋ ಎಂದು ಮೂರು ದಿನ ಊಟ ರುಚಿಸಲಿಲ್ಲ. ನನ್ನ ಮನಶ್ಶಾಂತಿಗಾಗಿ ಅಂದಿನಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಅಕೌಂಟು ಮಾಡಿಕೊಡಲು ಕಲಿತೆ.

ಆದರೆ ಪ್ರತಿ ಹೊಸ ಅಕೌಂಟೂ ಬೋಳು ಗೋಡೆಯ ಹಾಗೆ ತೆರೆದುಕೊಳ್ಳುತ್ತಿತ್ತು. ಇರುವೆಯಷ್ಟು ಸಣ್ಣ ಅಕ್ಷರ, ಕನ್ನಡ ಇಲ್ಲ, ಬ್ರೌಸರ್ ತೆರೆದರೆ ಯಾವುದೋ ದೇಶದ ಸುದ್ದಿ. ನಾನು ಕೂತು ಎಲ್ಲವನ್ನೂ ಸರಿಮಾಡುವಷ್ಟರಲ್ಲಿ ಒಂದು ಬೆಳಗು ಪೂರ್ತಿ ಹೋಗುತ್ತಿತ್ತು. ಐದು ಬಾಡಿಗೆದಾರರಿಗೆ ಐದು ಬೆಳಗು ಕೊಟ್ಟ ಮೇಲೆ ಮಗಳ ಹತ್ತಿರ ಗೊಣಗಿದೆ.

ಅವಳು ಪುಸ್ತಕದಿಂದ ತಲೆ ಎತ್ತದೆ ಹೇಳಿದಳು. "ಅಮ್ಮಾ, ನಮ್ಮ ಸ್ಕೂಲ್ ಲ್ಯಾಬಲ್ಲಿ ಎವ್ರಿಬಡಿ ಗೆಟ್ಸ್ ದ ಸೇಮ್ ಡೆಸ್ಕ್‌ಟಾಪ್. ಸರ್ ಒಂದೇ ಸಲ ಸೆಟ್ ಮಾಡ್ತಾರೆ, ಖಲಾಸ್."

ಮರುದಿನವೇ ಕಟ್ಟಡದ ಕೆಳಗಿನ ಕಂಪ್ಯೂಟರ್ ಅಂಗಡಿಗೆ ಇಳಿದೆ. ಅಲ್ಲಿನ ಮಲಯಾಳಿ ಮಾಲೀಕರು ಟೋನರಿನ ಮಸಿ ಮೆತ್ತಿದ ಬೆರಳಿನಿಂದ ಒಂದು ಕಾಗದದಲ್ಲಿ ದಾರಿ ಬರೆದುಕೊಟ್ಟರು. ಒಳಗೆಲ್ಲೋ ಕಣ್ಣಿಗೆ ಕಾಣದ ಒಂದು ಫೋಲ್ಡರ್ ಇದೆ, ಅದರ ಹೆಸರು ಡಿಫಾಲ್ಟ್, ಹೊಸ ಅಕೌಂಟು ಹುಟ್ಟುವಾಗ ಅದನ್ನು ನೋಡಿಕೊಂಡೇ ಹುಟ್ಟುತ್ತದೆ. "ದೀದಿ, ಇಸ್ ಮೇ ಜೋ ಡಾಲೋಗೆ, ವಹೀ ಸಬ್ ನಯೇ ಲೋಗೋಂ ಕೋ ಮಿಲೇಗಾ" ಎಂದರು. ನಾನು ಅದರಲ್ಲಿ ಏನು ಹಾಕುತ್ತೇನೋ ಅದೇ ಎಲ್ಲ ಹೊಸಬರಿಗೆ ಸಿಗುತ್ತದಂತೆ.

ಲಿಫ್ಟಿನಲ್ಲಿ ಮೇಲೆ ಬರುವಾಗ ನನಗಾದ ಆನಂದವನ್ನು ಹೇಳಲಾರೆ. ಹುಟ್ಟುವ ಮೊದಲೇ ಹಣೆಯಲ್ಲಿ ಬರೆದಿಡುವುದು ಬ್ರಹ್ಮನೊಬ್ಬನ ಕೆಲಸ ಎಂದುಕೊಂಡಿದ್ದೆ. ಅದರ ಒಂದು ಶಾಖೆ ಕುಸೈಸಿನ ನಮ್ಮ ಹಾಲಿನಲ್ಲಿ ತೆರೆದ ಹಾಗಾಯಿತು.

ಒಂದು ಮಾದರಿ ಅಕೌಂಟು ಮಾಡಿ ಎರಡು ದಿನ ಕೂತೆ. ಅಕ್ಷರ ದೊಡ್ಡದು ಮಾಡಿದೆ. ಕನ್ನಡ ಕೀಬೋರ್ಡು ಸೇರಿಸಿದೆ. ಇಲ್ಲಿನ ಗಡಿಯಾರದ ಪಕ್ಕದಲ್ಲಿ ಊರಿನ ಗಡಿಯಾರವನ್ನೂ ಇಟ್ಟೆ, ಊರಿಗೆ ಫೋನ್ ಮಾಡುವವರು ಒಂದೂವರೆ ಗಂಟೆ ಲೆಕ್ಕ ಹಾಕುವುದು ಬೇಡವೆಂದು. ಬ್ರೌಸರ್ ತೆರೆದರೆ ಅಂದಿನ ಪಂಚಾಂಗ. ಗೋಡೆಯ ಚಿತ್ರಕ್ಕೆ ಮೊದಲು ಬೆಣ್ಣೆಕೃಷ್ಣನನ್ನು ಇಟ್ಟಿದ್ದೆ. ಮಗಳು, "ಅಮ್ಮಾ, ವಾಟ್ ಇಫ್ ದೇ ಆರ್ ನಾಟ್ ಹಿಂದೂ?" ಎಂದಳು. ನ್ಯಾಯವೇ. ಕೃಷ್ಣನನ್ನು ತೆಗೆದು ನನ್ನ ಅಣ್ಣನ ಮನೆಯ ದನದ ಫೋಟೋ ಹಾಕಿದೆ. ಹಾಲು ಎಲ್ಲರೂ ಕುಡಿಯುತ್ತಾರೆ ಎಂಬುದು ನನ್ನ ತರ್ಕ.

ಕೊನೆಗೆ ನನ್ನ ಬುದ್ಧಿವಂತಿಕೆಯ ಕಿರೀಟ. ಈ ಊರಲ್ಲಿ ಮನೆಬಾಗಿಲಿಗೆ ಟಪಾಲು ಬರುವುದಿಲ್ಲ. ಎಲ್ಲರ ವಿಳಾಸವೂ ಯಾರದೋ ಕಂಪನಿಯ ಪಿ.ಓ. ಬಾಕ್ಸು. ಹೊಸದಾಗಿ ಬಂದವರು ಕಂಪ್ಯೂಟರಿನಲ್ಲಿ ಯಾವ ಫಾರಂ ತುಂಬಲು ಕೂತರೂ ಅಲ್ಲೇ ಸಿಕ್ಕಿಬಿದ್ದು, "ಅಕ್ಕ, ಪಿ.ಓ. ಬಾಕ್ಸ್ ಎಂತ? ಬಿಲ್ಡಿಂಗ್ ಹೆಸರಿನ ಸ್ಪೆಲ್ಲಿಂಗ್ ಎಂತ?" ಎಂದು ಕೂಗುತ್ತಿದ್ದರು. ನಾನು ಒಲೆ ಸಣ್ಣ ಮಾಡಿ ಓಡಿಬರಬೇಕು. ಹಾಗಾಗಿ ಫಾರಂ ತಾನಾಗಿ ತುಂಬಿಕೊಳ್ಳುವ ಸೌಲಭ್ಯದಲ್ಲಿ ಯಜಮಾನರ ಕಂಪನಿಯ ಪಿ.ಓ. ಬಾಕ್ಸು, ಕಟ್ಟಡದ ಹೆಸರು, ಫ್ಲಾಟಿನ ನಂಬರು, ಹತ್ತಿರದ ಗುರುತು ಎಲ್ಲ ಬರೆದಿಟ್ಟೆ. ಹೆಸರಿನ ಜಾಗ ಖಾಲಿ ಬಿಟ್ಟೆ. ನಾನೇನು ಅಷ್ಟು ದಡ್ಡಿಯಲ್ಲ, ಒಬ್ಬೊಬ್ಬರ ಹೆಸರು ಬೇರೆ ಎಂಬುದು ನನಗೂ ಗೊತ್ತು. ಫೋನಿನ ಜಾಗದಲ್ಲಿ ಮಾತ್ರ ನನ್ನ ಮೊಬೈಲ್ ನಂಬರು ಹಾಕಿದೆ. ಹೊಸಬರಿಗೆ ಮೊದಲ ವಾರ ಇಲ್ಲಿನ ಸಿಮ್ ಇರುವುದಿಲ್ಲವಲ್ಲ, ಪಾರ್ಸೆಲ್ಲಿನವರು ನನಗೇ ಮಾಡಲಿ ಎಂದು.

ಯಜಮಾನರು ಆಫೀಸಿನಿಂದ ಬಂದು ನೋಡಿ, "ಇನ್ನು ಇದರಲ್ಲಿ ಎಂತ ಬಾಕಿ ಉಂಟು? ಅವರು ಉಣ್ಣುದೊಂದು ನೀನೇ ಉಣ್ಣು" ಎಂದರು.

ಸಂಜೆ ದೀಪ ಹಚ್ಚುವಾಗ ಅಂದಿನ ಮೂರು ಉಪಕಾರಗಳನ್ನು ದೇವರಿಗೆ ಹೇಳಿಕೊಳ್ಳುವುದು ನನ್ನ ರೂಢಿ. ಲಿಫ್ಟ್ ಕೆಡಲಿಲ್ಲ, ಕರಿಬೇವು ಬಾಡಿರಲಿಲ್ಲ, ಇಂಥ ಸಣ್ಣ ಸಣ್ಣವು. ಅಂದು ಮೂರಕ್ಕೂ ಆ ಫೋಲ್ಡರನ್ನೇ ಹೇಳಿದೆ.

ಆ ಡಿಫಾಲ್ಟಿನಿಂದ ಹುಟ್ಟಿದ ಮೊದಲ ಅಕೌಂಟು ಒಬ್ಬ ನರ್ಸಿನದು. ಮಂಗಳೂರಿನ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹುಡುಗಿ, ಇಪ್ಪತ್ತೇಳರ ಪ್ರಾಯ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾಗಿದ್ದಳು. ಕೆಲಸ ಕೊಡುವ ಆಸ್ಪತ್ರೆ ಸಿಗಬೇಕಿತ್ತು. ವೀಸಾ ಮುಗಿಯುವುದರೊಳಗೆ ಸಿಗದಿದ್ದರೆ ವಾಪಸ್ಸು ಹೊರಡಬೇಕು. ಊರಿನ ಆಸ್ಪತ್ರೆಯ ಕೆಲಸ ಬಿಟ್ಟೇ ಬಂದಿದ್ದಳು, ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಮನೆಯಲ್ಲಿ ತಾಯಿ ಒಬ್ಬರೇ, ಇವಳ ದುಡಿಮೆಯೇ ಆಧಾರ.

ಮೊದಲ ದಿನ ಚಹಾ ಕುಡಿಯುತ್ತಾ ಹೇಳಿದಳು. "ನಾನು ಹೊರಡುವಾಗ ಚರ್ಚಿನವರೆಲ್ಲ ಸೇರಿ ಕೇಕ್ ಕಟ್ ಮಾಡಿದ್ದಾರೆ ಆಂಟಿ. ಕೆಲಸ ಸಿಗದೆ ಹೋದ್ರೆ ಆ ಕೇಕ್ ತಿಂದವರ ಮುಖ ಹೇಗೆ ನೋಡುದು?"

"ಸಿಗ್ತದೆ. ನಾನು ದೇವರಿಗೆ ಹೇಳ್ತೇನೆ" ಎಂದೆ. ದೇವರು ನನ್ನ ಮಾವನ ಮಗನೋ ಎಂಬಷ್ಟು ಸಲಿಗೆಯಿಂದ.

ಅಡುಗೆಮನೆಯ ಚೀಟಿಯನ್ನು ಅವಳು ಓದಿದಳು. "ಆಯ್ತು ಆಂಟಿ. ಮೂರು ತಿಂಗಳು ಲೆಂಟ್ ಅಂತ ತಿಳ್ಕೊಳ್ತೇನೆ" ಎಂದಳು. ಅದು ಅವರ ಉಪವಾಸದ ಕಾಲವಂತೆ. ನನಗೆ ತುಂಬ ಮೆಚ್ಚುಗೆಯಾಯಿತು, ನಾಚಿಕೆ ಆಗಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಕಂಪ್ಯೂಟರ್ ತೆರೆದಾಗ ಕೇಳಿದಳು. "ಆಂಟಿ, ಈ ದನ ಯಾರದ್ದು?"

"ನನ್ನ ಅಣ್ಣಂದು."

"ಚಂದ ಉಂಟು. ನನ್ನನ್ನೇ ನೋಡ್ತಾ ಉಂಟು."

ಮೊದಲ ಫಾರಂ ತುಂಬುವಾಗ ನಾನು ಹಿಂದೆಯೇ ನಿಂತಿದ್ದೆ. ಅವಳು ಹೆಸರು ಟೈಪ್ ಮಾಡಿದಳು, ಮುಂದಿನ ಗೆರೆಯನ್ನು ಮುಟ್ಟಿದಳು, ಅಷ್ಟೇ. ಬಾಕಿ ಎಲ್ಲ ಹಳದಿ ಬಣ್ಣದಲ್ಲಿ ತಾನಾಗಿ ತುಂಬಿಕೊಂಡಿತು. "ಅಯ್ಯೋ, ಇದೆಂತ ಮ್ಯಾಜಿಕ್ ಆಂಟಿ!" ಎಂದಳು. ನಾನು ಸೆರಗು ಸರಿಮಾಡಿಕೊಂಡೆ. ಅವತ್ತು ಯಾರಾದರೂ ನನಗೆ ಹಾರ ಹಾಕಲು ಬಂದಿದ್ದರೆ ಬೇಡ ಎನ್ನುತ್ತಿರಲಿಲ್ಲ.

ಅವಳು ದಿನವೂ ಕೂತು ದುಬೈ, ಶಾರ್ಜಾ, ಅಬುಧಾಬಿ ಎಂದು ಕಂಡ ಆಸ್ಪತ್ರೆಗಳಿಗೆಲ್ಲ ಅರ್ಜಿ ಹಾಕಿದಳು. ಹಾಕಿ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಈ ಊರಲ್ಲಿ ಕೆಲಸ ಕೊಡುವವರು ಮೇಲ್ ಬರೆಯುವುದು ಕಡಿಮೆ, ಫೋನ್ ಮಾಡಿಯೇ ಕರೆಯುವುದು. ಬಾತ್‌ರೂಮಿಗೂ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಯ್ಯುತ್ತಿದ್ದಳು. ಅದು ಬಾಯಿ ತೆರೆಯಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಅವಳ ತಾಯಿಯ ಕರೆಯೊಂದು ಬಿಟ್ಟರೆ ಬೇರೆ ಇಲ್ಲ. ತಾಯಿ ಏನು ಕೇಳುತ್ತಿದ್ದರೋ, ಇವಳು ಮಾತ್ರ ಪ್ರತಿ ಸಲ ಕೊಂಕಣಿಯಲ್ಲಿ ಒಂದೇ ಉತ್ತರ ಕೊಟ್ಟು ಕೋಣೆಯೊಳಗೆ ಹೋಗುತ್ತಿದ್ದಳು.

ನಾನು ಸಂಜೆಯ ದೀಪಕ್ಕೆ ಅವಳ ಹೆಸರಿನಲ್ಲಿ ಇನ್ನೊಂದು ಬತ್ತಿ ಸೇರಿಸಿದೆ. "ಕೃಷ್ಣಾ, ಈ ಹುಡುಗಿಗೆ ಒಂದು ಕರೆ ಬರುವ ಹಾಗೆ ಮಾಡು" ಎಂದು ದಿನವೂ ಹೇಳಿದೆ.

ಆ ದಿನಗಳಲ್ಲಿ ನನ್ನದೇ ಮೊಬೈಲು ಹೊಡೆದುಕೊಳ್ಳುತ್ತಲೇ ಇತ್ತು. ಇಲ್ಲಿ ಬದುಕಿದವರಿಗೆ ಗೊತ್ತು. ಕ್ರೆಡಿಟ್ ಕಾರ್ಡಿನವರು, ಲೋನಿನವರು, ಇನ್ಶೂರೆನ್ಸಿನವರು. ದೋಸೆ ಹೆಂಚಿನ ಮೇಲಿರುವಾಗಲೇ ಕರೆ. "ಮೇಡಂ, ಯುವರ್ ಅಪ್ಲಿಕೇಷನ್ ಈಸ್ ಅಪ್ರೂವ್ಡ್." ನಾನು ಯಾವ ಅರ್ಜಿಯನ್ನೂ ಹಾಕಿರುವುದಿಲ್ಲ. ಮೊದಮೊದಲು ಬೈಯುತ್ತಿದ್ದೆ. ಆಮೇಲೆ ಅವರೂ ಹೊಟ್ಟೆಪಾಡಿಗೆ ಬಂದವರಲ್ಲವೇ ಎನಿಸಿ, ಗೊತ್ತಿಲ್ಲದ ನಂಬರನ್ನು ಸುಮ್ಮನೆ ಕಟ್ ಮಾಡತೊಡಗಿದೆ. ಒಂದು ಏಕಾದಶಿಯ ದಿನ ಮಾತ್ರ, ಉಪವಾಸದ ಪುಣ್ಯಕ್ಕೆ ಒಂದು ಒಳ್ಳೆಯ ಮಾತೂ ಸೇರಲಿ ಎಂದು ಎತ್ತಿದೆ. ಆ ಕಡೆಯ ಹೆಂಗಸು, "ಮೇಡಂ, ಇಟ್ಸ್ ರಿಗಾರ್ಡಿಂಗ್ ಯುವರ್ ಅಪ್ಲಿಕೇಷನ್, ಆರ್ ಯು ಸ್ಟಿಲ್ ಇಂಟರೆಸ್ಟೆಡ್..." ಎನ್ನುವಷ್ಟರಲ್ಲಿ, "ನಾಟ್ ಇಂಟರೆಸ್ಟೆಡ್, ಸಿಸ್ಟರ್. ನೋ ನೀಡ್. ಗಾಡ್ ಬ್ಲೆಸ್ ಯು" ಎಂದು ಮೆಲ್ಲಗೆ ಹೇಳಿ ಇಟ್ಟೆ.

ಅಂದಿನ ಸಂಜೆಯ ಮೂರು ಉಪಕಾರಗಳಲ್ಲಿ ಒಂದು ಇದೇ. ಲೋನಿನವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಕೃಷ್ಣಾ, ನಿನ್ನ ದಯೆ.

ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಗುರುವಾರ, ಮಧ್ಯಾಹ್ನದ ಊಟ ಮುಗಿದಿತ್ತು. ಅವಳು ಸೂಟ್‌ಕೇಸನ್ನು ಕಪಾಟಿನ ಮೇಲಿನಿಂದ ಇಳಿಸಿ ಧೂಳು ಒರೆಸುತ್ತಿದ್ದಳು. "ಅದೆಲ್ಲ ಈಗ ಎಂತಕ್ಕೆ? ಇನ್ನೊಂದು ಅರ್ಜಿ ಹಾಕು, ನಾನು ಚಹಾ ತರ್ತೇನೆ" ಎಂದು ಗದರಿಸಿ ಕಂಪ್ಯೂಟರಿನ ಮುಂದೆ ಕೂರಿಸಿದೆ.

ಚಹಾ ತಂದು ಪಕ್ಕದಲ್ಲಿ ಕೂತೆ. ಅವಳು ಹೆಸರು ಬರೆದಳು. ಉಳಿದದ್ದೆಲ್ಲ ತುಂಬಿಕೊಂಡಿತು. ಆ ಫಾರಂ ಬೇರೆ ತರಹದ್ದು. ಕೆಳಗೆ ಫೋನ್ ನಂಬರನ್ನು ಇನ್ನೊಮ್ಮೆ ಕೈಯಾರೆ ಬರೆಯಿರಿ ಎಂದು ಕೇಳಿತು. ಅವಳು ತನ್ನ ಮೊಬೈಲಿನ ಹಿಂಭಾಗಕ್ಕೆ ಅಂಟಿಸಿದ್ದ ಚೀಟಿ ನೋಡಿ ಬರೆದಳು. ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯಿತು, ಎರಡೂ ನಂಬರು ಒಂದೇ ಅಲ್ಲ ಎಂದು.

"ಇದೆಂತ?" ಎಂದಳು. ಮೇಲಿನದನ್ನೂ ಚೀಟಿಯನ್ನೂ ನೋಡಿದಳು. "ಆಂಟಿ, ಮೇಲೆ ಇರುದು ಯಾರ ನಂಬರ್?"

ನಾನು ಕನ್ನಡಕ ಹಾಕಿಕೊಂಡು ಬಗ್ಗಿದೆ. ಓದಬೇಕಾಗಿಯೇ ಇರಲಿಲ್ಲ. ಹನ್ನೆರಡು ವರ್ಷದಿಂದ ನನ್ನ ಬಾಯಿಪಾಠ.

"ನಂದು" ಎಂದೆ.

"ಎಲ್ಲಾ ಫಾರಂಗೂ ಇದೇ ಹೋಗಿದೆಯಾ?"

ತೆರೆಯ ಮೂಲೆಯಿಂದ ಅಣ್ಣನ ಮನೆಯ ದನ ಇಬ್ಬರನ್ನೂ ನೋಡುತ್ತಿತ್ತು.

"ನನ್ನ ಹೊಸ ಸಿಮ್ಮಿನ ನಂಬರ್ ನನಗೆ ಬಾಯಿಗೆ ಬರ್ತಿರಲಿಲ್ಲ ಆಂಟಿ" ಎಂದಳು, ತಪ್ಪು ತನ್ನದೇ ಎಂಬ ಹಾಗೆ. "ತುಂಬಿಕೊಂಡದ್ದು ನಂದೇ ಇರಬೇಕು ಅಂತ ಬಿಟ್ಟೆ. ನಿಮಗೆ ಯಾರಾದ್ರೂ ಕಾಲ್ ಮಾಡಿದ್ರಾ?"

ಬ್ರಹ್ಮ ಏನೇನೋ ಬರೆಯುತ್ತಾನೆ, ಆದರೆ ಯಾರ ಹಣೆಯಲ್ಲೂ ತನ್ನದೇ ಫೋನ್ ನಂಬರು ಬರೆದಿಟ್ಟದ್ದನ್ನು ನಾನು ಕೇಳಿಲ್ಲ. ನನ್ನ ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಪಟ್ಟಿಯಲ್ಲಿ ಬ್ಯಾಂಕಿನವರ ನಂಬರುಗಳ ನಡುವೆ ಅಬುಧಾಬಿಯ ಒಂದು ಲ್ಯಾಂಡ್‌ಲೈನು ಎದ್ದು ಕಂಡಿತು. ಅದರಿಂದ ನಾಲ್ಕು ಸಲ ಕರೆ ಬಂದಿತ್ತು. ಮೂರು ಸಲ ಕಟ್. ಒಂದು ಸಲ ಹನ್ನೊಂದು ಸೆಕೆಂಡು ಮಾತು, ಏಕಾದಶಿಯ ದಿನ.

ಆ ನಂಬರಿಗೆ ತಿರುಗಿ ಹೊಡೆದೆವು. ಆಪರೇಟರ್ ಎತ್ತಿ ಆಸ್ಪತ್ರೆಯ ಹೆಸರು ಹೇಳಿದ. ಅವಳು ಅರ್ಜಿ ಹಾಕಿದ್ದರಲ್ಲಿ ಒಂದು. ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದವರು ಮನೆಗೆ ಹೋಗಿದ್ದಾರೆ, ಶುಕ್ರವಾರ ಶನಿವಾರ ರಜೆ, ಭಾನುವಾರ ಎಂಟಕ್ಕೆ ಮಾಡಿ ಎಂದ.

ಅವಳು ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಳಲಿಲ್ಲ, ಬೈಯಲೂ ಇಲ್ಲ. ಚಹಾದ ಲೋಟವನ್ನು ತೊಳೆದು ತನ್ನ ಜಾಗದಲ್ಲಿ ಬೋರಲಿಟ್ಟು, "ಸ್ವಲ್ಪ ಮಲಗ್ತೇನೆ ಆಂಟಿ" ಎಂದು ಬಾಗಿಲು ಹಾಕಿಕೊಂಡಳು.

ಸಂಜೆ ಯಜಮಾನರಿಗೆ ಹೇಳಿದೆ. ಅವರು, "ದಿನಾ ಕಾಲ್ ಬರ್ಲಿ ಕಾಲ್ ಬರ್ಲಿ ಅಂತ ದೀಪ ಹಚ್ತಿದ್ದಿ ಅಲ್ವಾ ಮಾರಾಯ್ತಿ. ಅವನು ಪಾಪ ನಾಲ್ಕು ಸಲ ಮಾಡಿಸಿದ್ದಾನೆ" ಎಂದರು.

ಮಗಳು, "ಅಮ್ಮಾ, ಯು ಸೇಡ್ ಗಾಡ್ ಬ್ಲೆಸ್ ಯು ಟು ಹರ್ ಜಾಬ್" ಎಂದಳು.

ದೇವರ ಮುಂದೆ ಕೂತಾಗ ಉಪಕಾರ ಎಣಿಸಲು ಬಾಯಿ ಬರಲಿಲ್ಲ. ಏನಾದರೂ ಹರಕೆ ಹೇಳಿಕೊಳ್ಳಲೇಬೇಕು ಎನಿಸಿತು. ಇನ್ನೊಂದು ಏಕಾದಶಿ, ಇನ್ನೊಂದು ಸಾವಿರ ಜಪ, ಇವೆಲ್ಲ ನನಗೆ ಕಷ್ಟವಲ್ಲ. ಕಷ್ಟವಲ್ಲದ್ದನ್ನು ಕೊಟ್ಟರೆ ಅದು ಹರಕೆಯೂ ಅಲ್ಲ. ನನಗೆ ನಿಜವಾಗಿ ಕಷ್ಟ ಯಾವುದು ಎಂದು ಯೋಚಿಸಿದೆ. ಅಡುಗೆಮನೆಯ ಬಾಗಿಲಿನ ಚೀಟಿ ಅಲ್ಲಿಂದಲೇ ಕಾಣುತ್ತಿತ್ತು, ಕೆಳಗೆ ನಗುವ ಮುಖ. "ಕೃಷ್ಣಾ, ಇವಳಿಗೆ ಕೆಲಸ ಸಿಕ್ಕಿದರೆ ನನ್ನ ಅಡುಗೆಮನೆಯಲ್ಲಿ, ನನ್ನ ಬಲಗಡೆಯ ಒಲೆಯಲ್ಲೇ, ಅವಳು ಮೀನು ಹುರಿಯಲಿ" ಎಂದುಬಿಟ್ಟೆ. ಹೇಳಿ ಗಾಬರಿಯಾಯಿತು. ಬೆಣ್ಣೆ ತಿನ್ನುವವನಿಗೆ ಮೀನಿನ ಹರಕೆ ಹೇಳಿಕೊಂಡವಳು ನಾನೊಬ್ಬಳೇ ಇರಬೇಕು.

ಶುಕ್ರವಾರ ಅವಳು ಚರ್ಚಿಗೆ ಹೋದಳು. ಬರುವಾಗ ನನಗೆ ಮಲ್ಲಿಗೆಯ ಒಂದು ತುಂಡು ತಂದಳು. ಎಂದಿನ ಹಾಗೆಯೇ ಮಾತಾಡಿದಳು. ಅದರಿಂದ ನನಗೆ ಇನ್ನಷ್ಟು ಹಿಂಸೆಯಾಯಿತು.

ಭಾನುವಾರ ಎಂಟಕ್ಕೆ ಸರಿಯಾಗಿ ಫೋನ್ ಹಚ್ಚಿದೆವು, ಸ್ಪೀಕರಿನಲ್ಲಿ. ಅವಳು ತನ್ನ ಹೆಸರು ಹೇಳಿದಳು. ಆ ಕಡೆಯ ಹೆಂಗಸು ಕೀಲಿಗಳನ್ನು ಕುಟ್ಟುವ ಸದ್ದು ಕೇಳಿತು. ಅನಂತರ ಇಂಗ್ಲಿಷಿನಲ್ಲಿ, ಸಂದರ್ಶನಗಳು ಹೋದ ವಾರವೇ ಮುಗಿದವು, ನಿಮಗೆ ಆಸಕ್ತಿ ಇಲ್ಲವೆಂದು ನೀವೇ ಹೇಳಿದಿರಲ್ಲ, ಇಲ್ಲಿ ಹಾಗೇ ಬರೆದಿದೆ ಎಂದಳು.

ಹುಡುಗಿ ನನ್ನ ಕಡೆ ತಿರುಗಿದಳು. ನಾನು ಮೊಬೈಲನ್ನು ಕಸಿದುಕೊಂಡೆ.

"ಮೇಡಂ, ಮೈ ಮಿಸ್ಟೇಕ್. ದಟ್ ಈಸ್ ಮಿ. ಐ ಆಮ್ ದ ಲ್ಯಾಂಡ್‌ಲೇಡಿ. ಐ ಪುಟ್ ಮೈ ನಂಬರ್ ಇನ್ ಕಂಪ್ಯೂಟರ್ ಫಾರ್ ಆಲ್ ನ್ಯೂ ಪೀಪಲ್. ಐ ಥಾಟ್ ಯು ಆರ್ ಬ್ಯಾಂಕ್. ದಿಸ್ ಗರ್ಲ್ ಈಸ್ ವೆರಿ ಇಂಟರೆಸ್ಟೆಡ್ ಮೇಡಂ. ಶಿ ಟೇಕ್ಸ್ ಫೋನ್ ಟು ಬಾತ್‌ರೂಮ್."

"ಆಂಟೀ!" ಎಂದು ಹುಡುಗಿ ನನ್ನ ತೋಳು ಹಿಡಿದಳು.

ಆ ಕಡೆಯಿಂದ, "ಆರ್ ಯು ದ ಗಾಡ್ ಬ್ಲೆಸ್ ಯು ಲೇಡಿ?" ಎಂಬ ಪ್ರಶ್ನೆ ಬಂತು.

"ಯೆಸ್" ಎಂದೆ. ಅಷ್ಟು ಸಣ್ಣ ಧ್ವನಿಯಲ್ಲಿ ನಾನು ಯಾವತ್ತೂ ಯೆಸ್ ಎಂದದ್ದಿಲ್ಲ.

ಆಕೆ ನಕ್ಕಳು. ಇಡೀ ದಿನ ಫೋನಿನಲ್ಲಿ ಜನರಿಂದ ಬೈಸಿಕೊಳ್ಳುವುದೇ ತನ್ನ ಕೆಲಸ, ಆ ದಿನ ಆಶೀರ್ವಾದ ಮಾಡಿದವರು ನೀವೊಬ್ಬರೇ, ಅದಕ್ಕೇ ನೆನಪಿದೆ ಎಂದಳು. ತನ್ನಿಂದ ಏನೂ ಖಾತ್ರಿ ಕೊಡಲಾಗುವುದಿಲ್ಲ. ಆರಿಸಿದವರಲ್ಲಿ ಒಬ್ಬರು ಬರುವುದಿಲ್ಲ ಎಂದು ತಿಳಿಸಿದ್ದಾರೆ, ಮರುದಿನ ಹತ್ತಕ್ಕೆ ಅಬುಧಾಬಿಗೆ ಬಂದರೆ ಮೇಟ್ರನ್ ಮಾತಾಡಿಸಬಹುದು ಎಂದಳು. ಕೊನೆಯಲ್ಲಿ ಕೇಳಿದಳು, ಇನ್ನು ಯಾವ ನಂಬರಿಗೆ ಕರೆ ಮಾಡಲಿ? ಹುಡುಗಿ ಚೀಟಿ ನೋಡಿ ತನ್ನದನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ನಾನು ಬಾಯಿಗೆ ಸೆರಗು ಒತ್ತಿ ಕೂತಿದ್ದೆ, ನಡುವೆ ಏನಾದರೂ ಸಹಾಯ ಮಾಡಿಬಿಡುತ್ತೇನೋ ಎಂಬ ಹೆದರಿಕೆಯಿಂದ.

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ನೀವು ಬರಬೇಕಂತಿಲ್ಲ ಎಂದು ಅವಳು ಎರಡು ಸಲ ಹೇಳಿದಳು. ನಾನು ಮೂರನೇ ಸಲಕ್ಕೆ ಕಾಯದೆ ಮೊಸರನ್ನದ ಡಬ್ಬಿ ಹಿಡಿದು ಹತ್ತಿದೆ. ದಾರಿಯುದ್ದಕ್ಕೂ ಅವಳು ಪಾಠ ಓದಿಕೊಂಡಳು, ನಾನು ವಿಷ್ಣುಸಹಸ್ರನಾಮ ಹೇಳಿಕೊಂಡೆ. ಆಸ್ಪತ್ರೆಯಲ್ಲಿ ಅವಳು ಒಳಗೆ ಹೋದ ಮೇಲೆ ಒಂದೂವರೆ ಗಂಟೆ ತಣ್ಣನೆಯ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ. ಕೈಯಲ್ಲಿ ಮೊಬೈಲು. ಅದು ಒಮ್ಮೆ ಹೊಡೆದುಕೊಂಡಿತು, ಗೊತ್ತಿಲ್ಲದ ನಂಬರು. ಎದ್ದು ನಿಂತು ಎತ್ತಿದೆ. ಕ್ರೆಡಿಟ್ ಕಾರ್ಡು.

ಹೊರಗೆ ಬಂದವಳ ಮುಖದಲ್ಲಿ ಏನೂ ತಿಳಿಯಲಿಲ್ಲ. "ಹೇಳ್ತಾರಂತೆ" ಎಂದಳು.

ವಾಪಸ್ಸಿನ ಬಸ್ಸಿಗೆ ಹೊತ್ತಿತ್ತು. ನಾನೇ, "ಇಲ್ಲಿ ಮೀನಾ ಬಂದರಿನ ಹತ್ತಿರ ಮೀನು ಮಾರ್ಕೆಟ್ ಉಂಟಂತೆ, ನೋಡುವನಾ?" ಎಂದೆ. ಅವಳು ಜ್ವರ ಬಂದಿದೆಯೋ ಎಂಬಂತೆ ನನ್ನನ್ನು ನೋಡಿದಳು. ಹರಕೆಯ ಸಂಗತಿಯನ್ನು ಟ್ಯಾಕ್ಸಿಯಲ್ಲಿ ಹೇಳಿದೆ. ಗುರುವಾರದಿಂದ ಒಂದು ಹನಿ ಕಣ್ಣೀರು ಹಾಕದಿದ್ದವಳು ನಗುತ್ತಾ ನಗುತ್ತಾ ಅತ್ತುಬಿಟ್ಟಳು. "ಆಂಟಿ, ಕೃಷ್ಣನಿಗೆ ಯಾಕೆ ಇಷ್ಟು ಕಷ್ಟ ಕೊಡ್ತೀರಿ" ಎಂದಳು. ಟ್ಯಾಕ್ಸಿಯ ಪಠಾಣ ಕನ್ನಡಿಯಲ್ಲಿ ಗಾಬರಿಯಿಂದ ನೋಡಿ ಟಿಶ್ಯೂ ಡಬ್ಬಿಯನ್ನು ಹಿಂದಕ್ಕೆ ಕೊಟ್ಟ. ಮಾರ್ಕೆಟ್ಟಿನಲ್ಲಿ ಅವಳು ಮೀನುಗಳ ಮುಂದೆ, ನಾನು ಒಡವೆ ಅಂಗಡಿಯ ಮುಂದೆ ನಿಲ್ಲುವ ಹಾಗೆ, ಸುಮ್ಮನೆ ನಿಂತು ನೋಡಿದಳು. ಏನೂ ಕೊಳ್ಳಲಿಲ್ಲ. "ಕೆಲಸ ಸಿಗ್ಲಿ. ಹರಕೆ ಮೊದಲೇ ತೀರಿಸ್ಲಿಕ್ಕಿಲ್ಲ" ಎಂದಳು. ನಾನು ಮೂಗಿಗೆ ಸೆರಗು ಹಿಡಿದು ತಲೆ ಆಡಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಅವಳ ಕೋಣೆಯಿಂದ ಮೊಬೈಲಿನ ಸದ್ದು ಬಂತು. ಅವಳದೇ ಮೊಬೈಲು. ನಾನು ಸೌಟು ಹಿಡಿದು ಬಾಗಿಲ ಹೊರಗೆ ನಿಂತೆ. "ಯೆಸ್ ಮೇಡಂ... ಯೆಸ್ ಮೇಡಂ... ಥ್ಯಾಂಕ್ಯೂ ಮೇಡಂ..." ಬಾಗಿಲು ತೆರೆದು, "ಆಂಟಿ, ನಿಮ್ಮ ಒಲೆ ಖಾಲಿ ಮಾಡಿ" ಎಂದಳು.

ಹರಕೆಯ ಶುಕ್ರವಾರ ಮೀನು ತರಲು ಯಜಮಾನರು ತಾವೇ ಹೊರಟರು, ಸಂಶಯ ಬರುವಷ್ಟು ಉತ್ಸಾಹದಿಂದ. ನಾನು ದೇವರ ಮಂಟಪಕ್ಕೆ ಪರದೆ ಎಳೆದು, ಕಿಟಕಿಗಳನ್ನೆಲ್ಲ ತೆರೆದು, ಬಾಗಿಲಿನ ಚೀಟಿಯನ್ನು ಕೈಯಾರೆ ಕಿತ್ತೆ. ಆಮೇಲೆ ಕೆಳಗಿಳಿದು ಅಂಗಡಿಯ ಮುಂದೆ ಎರಡು ಗಂಟೆ ಕೂತೆ. ನಮ್ಮ ಬಂಗುಡೆಯ ವಾಸನೆ ಲಿಫ್ಟಿನಲ್ಲಿ ನನಗಿಂತ ಮೊದಲೇ ಇಳಿದಿತ್ತು. ಒಂದು ವಾರ ನಿಂಬೆಹಣ್ಣಿನಿಂದ ಒಲೆ ಉಜ್ಜಿದೆ. ಆ ಚೀಟಿಯನ್ನು ಮಾತ್ರ ಮತ್ತೆ ಅಂಟಿಸಲಿಲ್ಲ. ಈಗ ಬರುವವರನ್ನು ಮೊದಲು ಕೇಳುತ್ತೇನೆ, ನೀವು ಏನೇನು ತಿನ್ನುತ್ತೀರಿ ಎಂದು. ಕೇಳಿದ ಮೇಲೆ ಮುಖ ಸಿಂಡರಿಸದೆ ಇರುವುದನ್ನು ಇನ್ನೂ ಕಲಿಯುತ್ತಿದ್ದೇನೆ.

ಕಂಪ್ಯೂಟರಿನ ಆ ಫೋಲ್ಡರಿಗೂ ಹೋದೆ. ತುಂಬಿಟ್ಟದ್ದನ್ನೆಲ್ಲ ಅಳಿಸಿದೆ. ದೊಡ್ಡ ಅಕ್ಷರ, ಕನ್ನಡ ಕೀಬೋರ್ಡು, ಊರಿನ ಗಡಿಯಾರ ಉಳಿಸಿದೆ. ದನವನ್ನೂ ತೆಗೆಯಹೊರಟಾಗ ಹುಡುಗಿಯೇ, "ಅದು ಇರ್ಲಿ ಆಂಟಿ, ಅದರ ತಪ್ಪೆಂತ ಇಲ್ಲ" ಎಂದಳು.

ಅಬುಧಾಬಿಗೆ ಹೊರಡುವ ಹಿಂದಿನ ದಿನ ಅವಳು ಆಸ್ಪತ್ರೆಯ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಪೆನ್ನಿನಲ್ಲಿ ತುಂಬುತ್ತಿದ್ದಳು. ನಾನು ದೂರದಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದೆ, ಬೇಕೆಂದೇ ಬೆನ್ನು ಮಾಡಿ.

"ಆಂಟಿ, ಇಲ್ಲಿ ಒಂದು ಜಾಗ ಉಂಟು. ನನಗೇನಾದ್ರೂ ಆದ್ರೆ ಈ ದೇಶದಲ್ಲಿ ಯಾರಿಗೆ ತಿಳಿಸಬೇಕು ಅಂತ. ನಿಮ್ಮ ನಂಬರ್ ಹಾಕ್ಲಾ?"

ನಾನು ತಿರುಗಲಿಲ್ಲ. "ನಾನು ಫೋನ್ ಕಟ್ ಮಾಡುವವಳು ಮಾರಾಯ್ತಿ" ಎಂದೆ.

"ಗೊತ್ತುಂಟು. ಹೇಳಿ, ಬರ್ಕೊಳ್ತೇನೆ."

ಒಂದೊಂದೇ ಅಂಕಿ ಹೇಳಿದೆ. ಅವಳು ಬರೆದು, ಮತ್ತೊಮ್ಮೆ ಓದಿ ಹೇಳಿ ಸರಿಯಾ ಎಂದು ಕೇಳಿದಳು.

ಅಂದಿನಿಂದ ಗೊತ್ತಿಲ್ಲದ ನಂಬರು ಬಂದರೆ ಎರಡನೇ ರಿಂಗಿಗೇ ಎತ್ತುತ್ತೇನೆ. ಇಷ್ಟು ವರ್ಷದಲ್ಲಿ ಆ ಆಸ್ಪತ್ರೆಯಿಂದ ಒಂದೂ ಬಂದಿಲ್ಲ. ಅದನ್ನು ಸಂಜೆಯ ಉಪಕಾರಗಳಲ್ಲಿ ಸೇರಿಸಿಕೊಳ್ಳುತ್ತೇನೆ. ಬರುವುದೆಲ್ಲ ಕಾರ್ಡಿನವರು, ಲೋನಿನವರು. ಯಾವ ಅರ್ಜಿ, ಯಾರ ಅರ್ಜಿ ಎಂದು ಕೇಳಿ, ಅವರ ಮಾತು ಪೂರ್ತಿ ಮುಗಿಯುವ ತನಕ ಕಾಯುತ್ತೇನೆ. ಹೆಂಚಿನ ಮೇಲಿನ ದೋಸೆ ದಿನಕ್ಕೆ ಒಂದಾದರೂ ಕರಟುತ್ತದೆ. ಯಜಮಾನರು ಅದನ್ನು ತಟ್ಟೆಯ ಅಂಚಿಗೆ ಸರಿಸಿ, "ಇವತ್ತು ಯಾವ ಬ್ಯಾಂಕು?" ಎನ್ನುತ್ತಾರೆ.